ಏಣಿ ಕಾನೂನು

ಪಿರಿಯಾಪಟ್ಟಣದ ಸಂತೆಮಾಳದ ಹಿಂದಿನ ಬೀದಿಯಲ್ಲಿ ಚನ್ನಬಸವಣ್ಣನವರ ಮನೆಗೆ ಎರಡು ಬಾಗಿಲು, ಒಂದು ಏಣಿ, ಒಂದು ಕಾನೂನು. ಮುಂದಿನ ಬಾಗಿಲು ಅವರದು, ಹಿಂದಿನದು ಬಾಡಿಗೆಯವರದು. ಬಿದಿರಿನ ಏಣಿ ಎರಡು ಮನೆಗಳ ನಡುವಿನ ಓಣಿಯಲ್ಲಿ ಗೋಡೆಗೆ ತೂಗಿಕೊಂಡಿರುತ್ತಿತ್ತು. ಕಾನೂನು ಮಾತ್ರ ಎಲ್ಲೂ ಬರೆದಿರಲಿಲ್ಲ, ಯಜಮಾನರ ಬಾಯಲ್ಲಿತ್ತು. ನೆಲದ ಮೇಲೆ ನಿಂತು ಕೈಗೆಟುಕುವುದು ಕೆಟ್ಟರೆ ಬಾಡಿಗೆಯವರು ಸರಿಮಾಡಿಸಿಕೊಳ್ಳಬೇಕು. ಏಣಿ ಹಾಕಬೇಕಾದದ್ದು ಕೆಟ್ಟರೆ ಮನೆಯವರು. ಅಂದರೆ ನಲ್ಲಿಯ ವಾಷರು, ಬಾಗಿಲ ಚಿಲಕ, ಸ್ವಿಚ್ಚು ಅವರದು. ಹೆಂಚು, ತೊಲೆ, ಮೇಲಿನ ನೀರಿನ ಟ್ಯಾಂಕು ಇವರದು.

ಯಾರ ಕೈಗೆಟುಕಬೇಕು ಎಂಬ ತಕರಾರು ಬಂದೇ ಬರುತ್ತದಲ್ಲ, ಅದಕ್ಕೂ ಅವರಲ್ಲಿ ಉತ್ತರವಿತ್ತು. ಹಗಲೆಲ್ಲ ಆ ಮನೆಯಲ್ಲಿ ಯಾರಿರುತ್ತಾರೋ ಅವರ ಕೈಗೆ. ಏನಾದರೂ ಕೆಟ್ಟರೆ ಅವರು ಅದರ ಕೆಳಗೆ ನಿಂತು ಕೈ ಎತ್ತಬೇಕು, ಚನ್ನಬಸವಣ್ಣನವರು ಕನ್ನಡಕ ಏರಿಸಿ ನೋಡಿ ತೀರ್ಪು ಕೊಡಬೇಕು. ಹಿಂದೆ ಬಾಡಿಗೆಗಿದ್ದ, ರಿಟೈರಾಗಿ ಮನೆಯಲ್ಲೇ ಇರುತ್ತಿದ್ದ ಭೇರ್ಯದ ಶಿವಣ್ಣ ಮೇಷ್ಟ್ರು ಆರಡಿ ಮೇಲೆ ಎರಡಿಂಚು. ಪಾಪ, ಐದು ವರ್ಷ ಬಲ್ಬು, ಫ್ಯಾನು, ಜೇಡರ ಬಲೆ ಎಲ್ಲ ಅವರ ತಲೆಗೇ ಬಂತು. ಅವರ ನಂತರ ಬಂದ ಮರಮ್ಮ ನಾಲ್ಕೂವರೆ ಅಡಿ. ಅಲ್ಲಿಂದ ಕಾನೂನು ಅದನ್ನು ಮಾಡಿದವರಿಗೇ ತಿರುಗಿಬಿತ್ತು.

"ಇನ್ಮೇಲೆ ಮನೆ ಕೇಳ್ಕೊಂಡು ಬಂದೋರ್ನ ಟೇಪ್ ಹಿಡ್ದು ಅಳೀರಿ," ಎಂದು ಮಂಗಳಗೌರಮ್ಮ ಗಂಡನನ್ನು ಕಿಚಾಯಿಸುತ್ತಿದ್ದರು.

ಚನ್ನಬಸವಣ್ಣನವರಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಹೊಗೆಸೊಪ್ಪಿನ ರೈತರಿಗೆ ಗೋಣಿತಾಟು, ಸೆಣಬಿನ ಹುರಿ ಮಾರುವ ಅಂಗಡಿಯನ್ನು ಮಗ ನಂಜುಂಡೇಶನಿಗೆ ಬಿಟ್ಟುಕೊಟ್ಟ ಮೇಲೆ ಅವರಿಗೆ ಉಳಿದಿದ್ದ ಗತ್ತೆಂದರೆ ಆ ಏಣಿಯೇ. ಪಂಚೆ ಎತ್ತಿಕಟ್ಟಿ ಹತ್ತಿದರೆಂದರೆ ಬೀದಿಯ ಜನ ಒಂದು ಗಳಿಗೆ ನಿಂತು ನೋಡಬೇಕು. ಹೆಂಡತಿ ಕೆಳಗೆ ನಿಂತು ಹೆಂಚು ಕೊಡುವುದು, ಗಂಡ ಮೇಲೆ ಜೋಡಿಸುವುದು. ನಲವತ್ತು ವರ್ಷ ಹೀಗೇ ನಡೆದಿತ್ತು. ನಡುವೆ ಒಂದೇ ಒಂದು ಸಲ ಕಂಠಪ್ಪನೆಂಬ ಕೆಲಸದವನನ್ನು ಹತ್ತಿಸಿ, ಅವನು ಹನ್ನೊಂದು ಹೆಂಚು ಮೆಟ್ಟಿ ಮುರಿದು, ಅಂದಿನಿಂದ ಆ ಸೂರಿನ ಮೇಲೆ ಪರರು ಕೈಯಿಡಕೂಡದೆಂದು ಇನ್ನೊಂದು ಕಲಂ ಸೇರಿತ್ತು.

ಮರಮ್ಮನ ಸೊಸೆ ಸಂಘಮಿತ್ರ ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸು. ಮಗ ಮಾದೇಶ ಬಸ್ಸಿನ ಡ್ರೈವರು. ಸರಗೂರು ಕಡೆಯ ರೂಟು, ವಾರಕ್ಕೊಮ್ಮೆ ಮನೆ. ಮೂರು ವರ್ಷದ ಹಿಂದೆ ಸಂಘಮಿತ್ರ ಅತ್ತೆಯನ್ನು ಕರೆದುಕೊಂಡು ಮನೆ ಹುಡುಕುತ್ತ ಆರು ಬೀದಿ ತಿರುಗಿದ್ದಳು. ಆರರಲ್ಲೂ ಮೊದಲು ಕೇಳಿದ್ದು ಯಾವ ಜನ ಎಂದು. ಆಮೇಲೆ ಹೇಳಿದ್ದು ಈಗ ತಾನೇ ಬೇರೆಯವರಿಗೆ ಆಗಿಹೋಯಿತು ಎಂದು. ಏಳನೆಯ ಬೀದಿಯಲ್ಲಿ ಚನ್ನಬಸವಣ್ಣನವರು ಕೇಳಿದ್ದು ಒಂದೇ ಮಾತು: "ಏಣಿ ಕಾನೂನು ಒಪ್ಪಿಗೇನಾ?" ವಿವರ ಕೇಳಿಕೊಂಡ ಮರಮ್ಮ ಕೈ ಎತ್ತಿ ತೋರಿಸಿ, "ನನ್ನೆತ್ರ ಇಷ್ಟೇಯ ಯಜಮಾನ್ರೇ," ಎಂದಿದ್ದರು. ಬೀಗದ ಕೈ ಅಲ್ಲೇ ಕೈಸೇರಿತ್ತು.

ನಿಜ ಹೇಳಬೇಕೆಂದರೆ ಮೊದಲ ತಿಂಗಳು ಮಂಗಳಗೌರಮ್ಮನೇ ಕೊಂಚ ದೂರವಿದ್ದರು. ಎರಡನೇ ತಿಂಗಳು ಅವರಿಗೆ ವಿಷಮಶೀತ ಜ್ವರ ಬಂದು ಹನ್ನೆರಡು ದಿನ ಹಾಸಿಗೆ ಹಿಡಿದಾಗ ಸಂಘಮಿತ್ರ ಡ್ಯೂಟಿ ಮುಗಿಸಿ ಬಂದು ಪಕ್ಕದಲ್ಲಿ ಕೂರುತ್ತಿದ್ದಳು. ಆ ದೂರ ಜ್ವರದ ಜೊತೆಗೇ ಇಳಿದುಹೋಯಿತು. ಈಗ ಮಂಗಳಗೌರಮ್ಮ, ಮರಮ್ಮ ಇಬ್ಬರೂ ಓಣಿಯಲ್ಲಿ ಕೂತು ಸೊಪ್ಪು ಬಿಡಿಸದೆ ಯಾರ ಮನೆಯಲ್ಲೂ ಸಾರು ಕುದಿಯುತ್ತಿರಲಿಲ್ಲ. ಭಾನುವಾರ ಹಿಂದಿನ ಮನೆಯಲ್ಲಿ ಮೀನು ಹುರಿಯುವಾಗ ಮುಂದಿನ ಮನೆಯ ಕಿಟಕಿ ಮುಚ್ಚಿಕೊಳ್ಳುತ್ತಿತ್ತು, ಸೋಮವಾರ ತೆರೆಯುತ್ತಿತ್ತು. ಹೆಣ್ಣುಮಕ್ಕಳಿಲ್ಲದ ಮಂಗಳಗೌರಮ್ಮನಿಗೆ ಸಂಜೆ ನಾಲ್ಕಕ್ಕೆ ಕಾಫಿ ಕುಡಿಯಲು ಬರುವ ಆ ಹುಡುಗಿ ಬರದಿದ್ದರೆ ಕಾಫಿ ರುಚಿಸುತ್ತಿರಲಿಲ್ಲ.

ಇಂಥ ಮನೆಗೆ ಆಷಾಢದಲ್ಲಿ ಕೋತಿಗಳು ಬಂದವು.

ಕೋತಿ ಹಾರಿದ್ದು ಸೋಮವಾರ, ಹೆಂಚೊಂದು ಒಡೆದದ್ದು ಗೊತ್ತಾದದ್ದು ಮಂಗಳವಾರ ಬೆಳಿಗ್ಗೆ, ಮರಮ್ಮನ ಮಂಚದ ಮೇಲೆ ನೀರು ತೊಟ್ಟಿಕ್ಕಿದಾಗ. ಚನ್ನಬಸವಣ್ಣನವರು ಅಕ್ಕಿರೊಟ್ಟಿ ಮುಂದಿಟ್ಟುಕೊಂಡಿದ್ದಾಗ ಸಂಘಮಿತ್ರ ಬಾಗಿಲಲ್ಲಿ ನಿಂತು ಹೇಳಿದಳು.

"ಅಪ್ಪಾರೆ, ಅತ್ತೆ ಮಂಚದ ಮೇಲೆ ಸೋರ್ತಾ ಇದೆ. ಸೂರಿನ ಅಂಚಿಂದ ಮೂರನೇ ಸಾಲು. ಒಂದೇ ಹೆಂಚು."

ಬೇರೆ ದಿನವಾಗಿದ್ದರೆ ರೊಟ್ಟಿ ಅಲ್ಲೇ ಬಿಟ್ಟು ಏಳುತ್ತಿದ್ದರು. ಅಂದು ಇನ್ನೊಂದು ತುಂಡು ಮುರಿದು ಚಟ್ನಿಗದ್ದಿ, "ನೋಡಾನ. ಇವತ್ತು ಮಂಗಳವಾರ," ಎಂದರು.

ಬುಧವಾರ ಹೆಂಚು ಒದ್ದೆಯಿತ್ತು, ಕಾಲು ಜಾರುತ್ತದೆ. ಗುರುವಾರ ಬಿಸಿಲು ಬಂತು, ಆದರೆ ಅವರಿಗೆ ಬೆಟ್ಟದಪುರದ ಕಡೆ ಯಾರನ್ನೋ ನೋಡಬೇಕಾಯಿತು. ಶುಕ್ರವಾರ ಅಷ್ಟಮಿ.

"ನಾಳೆ ಏನು, ಗ್ರಹಣವಾ?" ಮಂಗಳಗೌರಮ್ಮ ಕೇಳಿದರು.

"ನಿಂಗೇನ್ ಗೊತ್ತು ಸುಮ್ನಿರೇ," ಎಂದು ಅವರು ಚಪ್ಪಲಿ ಮೆಟ್ಟಿ ಅಂಗಡಿಗೆ ನಡೆದರು.

ಆ ಭಾನುವಾರ ಡ್ಯೂಟಿ ಬಿದ್ದು ಬರದಿದ್ದ ಮಾದೇಶ ಅದರ ಮುಂದಿನ ಭಾನುವಾರ ಬಂದ. ಮನೆಗೆ ಬಂದವನು ನೆಟ್ಟಗೆ ನಿಂತು ಮೈ ಮುರಿದರೆ ಬಾಗಿಲ ಚೌಕಟ್ಟು ಹೆದರಬೇಕು, ಅಷ್ಟೆತ್ತರದ ಆಳು. ಅವನನ್ನು ಕಂಡದ್ದೇ ಚನ್ನಬಸವಣ್ಣನವರ ಮುಖ ಅರಳಿತು. ಹಿಂದಿನ ಮನೆಗೆ ಹೋಗಿ ಮಂಚ ಸರಿಸಿ, "ಮಾದೇಶ, ಇಲ್ಲಿ ನಿಂತ್ಕೋ. ಕೈ ಎತ್ತು," ಎಂದರು.

ಮಾದೇಶ ಕೈ ಎತ್ತಿದ. ಅಲ್ಲಿ ಮಾಡು ತಗ್ಗು. ಅವನ ನಡುಬೆರಳ ತುದಿ ಒಳಗಡೆಯಿಂದ ಒಡೆದ ಹೆಂಚಿಗೆ ತಾಗಿತು.

"ಎಟುಕ್ತು! ನಿಮ್ದೇ ರಿಪೇರಿ," ಎಂದರು ಚನ್ನಬಸವಣ್ಣನವರು.

ಮಂಗಳಗೌರಮ್ಮನಿಗೆ ಕಿವಿಯನ್ನೇ ನಂಬಲಾಗಲಿಲ್ಲ. "ರೀ, ಹಗಲೆಲ್ಲ ಮನೇಲಿರೋರ ಕೈ ಅಂದಿದ್ದು ನೀವೇ ಅಲ್ವಾ? ವಾರಕ್ಕೊಂದ್ಸಲ ಬರೋನ್ ಕೈ ಯಾವಾಗಿಂದ ಸೇರ್ತು?"

"ಮನೆ ಜನ ಅಂದ್ಮೇಲೆ ಎಲ್ಲಾರೂ ಬತ್ತಾರೆ."

"ಅಪ್ಪಾರೆ, ಹೆಂಚು ಯಾವತ್ತಿದ್ರೂ ನಿಮ್ದು ಅಂತಿದ್ರಿ," ಎಂದಳು ಸಂಘಮಿತ್ರ. ಅವಳ ದನಿ ಇನ್ನೂ ನಗುತ್ತಲೇ ಇತ್ತು.

ಆ ನಗುವನ್ನು ಆರಿಸಿದವರು ಮರಮ್ಮ. "ಎಟುಕ್ತಲ್ಲ ಬುಡವ್ವ. ಯಜಮಾನ್ರು ಯೋಳಿದ್ದೇ ಸರಿ. ನಮ್ದೇಯ."

ಸಂಘಮಿತ್ರ ಅತ್ತೆಯ ಮುಖ ನೋಡಿದಳು. ಮರಮ್ಮ ಮಂಚದ ಕಾಲು ಸರಿಮಾಡುವುದರಲ್ಲಿ ಮುಳುಗಿಹೋಗಿದ್ದರು. ತನ್ನ ಮಂಚ ನೆನೆಯುತ್ತಿರುವಾಗ ಮನೆಯೊಡೆಯನ ಪರ ಮಾತಾಡುವ ಮುದುಕಿಯನ್ನು ಮಂಗಳಗೌರಮ್ಮನೂ ಅಂದೇ ನೋಡಿದ್ದು.

ತಮ್ಮ ಪಾಲಿಗೆ ಬಂತಲ್ಲ ಎಂದು ಮಾದೇಶ ಮಧ್ಯಾಹ್ನ ಒಳಗಿನಿಂದಲೇ ಕೋಲು ಹಿಡಿದು ಒಡೆದ ಹೆಂಚನ್ನು ಮೇಲೆತ್ತಲು ಹೋದ. ಬಸ್ಸಿನ ಗೇರು ಹಾಕುವ ಕೈ. ಪಕ್ಕದ ಎರಡು ಹೆಂಚು ಚಟ್ಟನೆ ಸೀಳಿದವು. ಒಂದು ತೂತು ಮೂರಾಯಿತು. ಸಂಜೆ ಮಳೆಗೆ ಬಕೆಟ್ಟು, ಬೋಗುಣಿ, ಇಡ್ಲಿ ಪಾತ್ರೆ ಮೂರೂ ಸಾಲಾಗಿ ಕೂತು ಟಣ್ ಟಣ್ ಎಂದವು. ಮಾದೇಶ ಬೆಳಗಿನ ಬಸ್ಸಿಗೆ ಹೆಂಡತಿಯ ಕಣ್ಣು ತಪ್ಪಿಸಿ ಹೊರಟುಹೋದ.

ಎರಡು ದಿನ ಬಿಟ್ಟು ಸಂಘಮಿತ್ರ ಕಂಠಪ್ಪನನ್ನು ಕರೆತಂದಳು. ಚನ್ನಬಸವಣ್ಣನವರು ಓಣಿಯ ಬಾಯಿಗೇ ಕುರ್ಚಿ ಹಾಕಿಕೊಂಡು ಕೂತರು.

"ನನ್ನ ಸೂರಿನ್ ಮೇಲೆ ಈ ಮಾರಾಯ ಕಾಲಿಡಕೂಡ್ದು. ಹನ್ನೊಂದು ಹೆಂಚು ಮುರ್ದೋನು."

"ಅದು ಹದಿನೈದು ವರ್ಷದ್ ಮಾತು ಸ್ವಾಮಿ," ಎಂದ ಕಂಠಪ್ಪ. "ಆವಾಗ ನಾನ್ ಕಲೀತಾ ಇದ್ದೆ."

"ಈಗ್ಲೂ ಕಲ್ತಿರೋದ್ ನಂಗೇನ್ ಕಾಣಲ್ಲ."

"ಅಪ್ಪಾರೆ," ಸಂಘಮಿತ್ರ ಮುಂದೆ ಬಂದಳು. ನೈಟ್ ಡ್ಯೂಟಿ ಮುಗಿಸಿ ಬಂದಿದ್ದ ಅವಳ ಕಣ್ಣು ಕೆಂಪಗಿತ್ತು. "ರಿಪೇರಿ ನಮ್ದು ಅಂತೀರ. ಮಾಡ್ಸೋಕೆ ಬಂದ್ರೆ ಬೇಡ ಅಂತೀರ. ಹಾಗಾದ್ರೆ ನನ್ನತ್ತೆ ಛತ್ರಿ ಹಿಡ್ಕೊಂಡು ಮಲಗ್ಬೇಕಾ?"

"ನೋಡಾನ ಅಂದೆನಲ್ಲ."

"ಎರಡು ವಾರದಿಂದ ನೋಡ್ತಾನೇ ಇದ್ದೀರಿ. ಒಂದನೇ ತಾರೀಕು ಖಾಲಿ ಮಾಡ್ತೀವಿ. ನನ್ನ ಜೊತೆ ಕೆಲ್ಸ ಮಾಡೋರ ಮನೆ ಮೇಲೆ ಎರಡು ರೂಮಿದೆ, ಹುಣಸೂರು ರೋಡಲ್ಲಿ."

ಮಂಗಳಗೌರಮ್ಮನ ಕೈಯಲ್ಲಿದ್ದ ಸೊಪ್ಪಿನ ಮೊರ ವಾಲಿತು. "ಆಷಾಢದಲ್ಲಿ ಯಾರಾದ್ರೂ ಮನೆ ಬದಲಾಯಿಸ್ತಾರೇನೇ?"

"ನಮಗೆ ಆಷಾಢ ಇಲ್ಲಮ್ಮ. ಸೋರೋ ಮನೆ ಮಾತ್ರ ಇದೆ." ಹೇಳಿದ ಮೇಲೆ ಅವಳಿಗೂ ಅಳು ಬಂದಿರಬೇಕು, ತಿರುಗಿ ನೋಡದೆ ಒಳಗೆ ಹೋದಳು.

ಅಂದು ಮುಂದಿನ ಮನೆಯಲ್ಲಿ ಊಟಕ್ಕೆ ಕೂತಾಗ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನಂಜುಂಡೇಶ, "ಅಪ್ಪಾಜಿ, ಇದಕ್ಕೇ ಬಾಂಡ್ ಪೇಪರ್ ಬೇಕು ಅನ್ನೋದು. ಸಣ್ಣಪುಟ್ಟ ರಿಪೇರಿ ಬಾಡಿಗೆದಾರರದ್ದು, ಗೋಡೆ ಸೂರು ಮಾಲೀಕರದ್ದು, ಒಂದು ಸಾಲು ಬರ್ಸಿದ್ರೆ ಮುಗೀತು," ಎಂದ.

"ಅಲ್ರೀ, ಬರ್ದಿದ್ರೆ ಹೆಂಚು ಮಾವನ ತಲೆಗೇ ತಾನೆ ಬರೋದು?" ಎಂದಳು ಅವನ ಹೆಂಡತಿ ಮಧುಶ್ರೀ. ಖಾಸಗಿ ಶಾಲೆಯಲ್ಲಿ ಲೆಕ್ಕದ ಟೀಚರು, ಮಾತೂ ಅಷ್ಟೇ ಚುರುಕು. "ಮಾವ, ಹತ್ತು ನಿಮಿಷದ ಕೆಲ್ಸ. ಕಂಠಪ್ಪ ಬೇಡಾಂದ್ರೆ ಬೇರೆ ಯಾರನ್ನಾದ್ರೂ ಕರ್ಸೋಣ."

"ನನ್ನ ಕೈ ಬಿದ್ದೋಗಿದ್ಯೇನಮ್ಮ?"

"ಬಿದ್ದಿಲ್ಲ ತಾನೆ? ಮತ್ತೆ ಹತ್ತಿ!" ಎಂದರು ಮಂಗಳಗೌರಮ್ಮ.

ಚನ್ನಬಸವಣ್ಣನವರು ಮಜ್ಜಿಗೆ ಅನ್ನಕ್ಕೆ ಕಾಯದೆ ಎದ್ದು ಕೈ ತೊಳೆದರು. ಮಂಗಳಗೌರಮ್ಮನಿಗೆ ಸಿಟ್ಟು ನೆತ್ತಿಗೇರಿತು. ಮದುವೆಯಾದಾಗಿನಿಂದ ಗಂಡ ಮೊಂಡ ಎಂದು ಗೊತ್ತಿತ್ತು, ಜಿಪುಣ ಎಂದು ಗೊತ್ತಿರಲಿಲ್ಲ. ಮೂರು ಹೆಂಚಿನ ಆಸೆಗೆ ಒಳ್ಳೆಯ ಜನರನ್ನು ಕಳೆದುಕೊಳ್ಳುತ್ತಾರಲ್ಲ ಎಂದು ಹೊಟ್ಟೆ ಉರಿಯಿತು. ಮರುದಿನ ಬೆಳಿಗ್ಗೆ ಸ್ಟೂಲು ಹತ್ತಿ, ಅವರಿಗೆ ಪ್ರಾಣವಾದ ಮಾವಿನಮಿಡಿ ಉಪ್ಪಿನಕಾಯಿ ಜಾಡಿಯನ್ನು ಅಡುಗೆಮನೆಯ ಅಟ್ಟದ ಮೇಲಿಟ್ಟರು.

"ಉಪ್ಪಿನಕಾಯಿ ಎಲ್ಲೇ?"

"ಅಲ್ಲಿದೆ. ಕೈಗೆಟುಕಿದ್ರೆ ನಿಮ್ದು, ಎಟುಕ್ದಿದ್ರೆ ನಂದು. ಕಾನೂನು."

ಮಧುಶ್ರೀ ಬಾಯಿಗೆ ಸೆರಗು ಅಡ್ಡ ಹಿಡಿದಳು. ಚನ್ನಬಸವಣ್ಣನವರು ಜಾಡಿಯನ್ನೊಮ್ಮೆ, ಸ್ಟೂಲನ್ನೊಮ್ಮೆ ನೋಡಿ ಬರೀ ರೊಟ್ಟಿ ತಿಂದರು. ಹೀಗೆ ಆರು ದಿನ ಉಪ್ಪಿನಕಾಯಿಯಿಲ್ಲದೆ ಉಂಡರೇ ಹೊರತು ಸ್ಟೂಲು ಹತ್ತಲಿಲ್ಲ. ಎಂಥ ಹಟ ಎಂದುಕೊಂಡರು ಮಂಗಳಗೌರಮ್ಮ.

ಹಿಂದಿನ ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಅತ್ತೆ ಸೊಸೆಯರ ಮಾತು ಓಣಿ ದಾಟಿ ಬರುತ್ತಿತ್ತು.

"ನೀವು ಅವತ್ತು ನಮ್ದೇ ಅಂತ ಒಪ್ಕೊಳ್ದೇ ಇದ್ದಿದ್ರೆ ಇಷ್ಟಾಗ್ತಾನೇ ಇರ್ಲಿಲ್ಲ ಅತ್ತೆ."

"ಆಗಿದ್ದಾಯ್ತು ಬುಡವ್ವ. ಆ ಮನೆಗೆ ಮೆಟ್ಲು ಎಷ್ಟು?"

"ಇಪ್ಪತ್ತೆರಡು."

"ನನ್ ಮಂಡಿ ಅಷ್ಟು ಎಣ್ಸಾಕಿಲ್ಲ," ಎನ್ನುತ್ತಿದ್ದರು ಮರಮ್ಮ. ಪೆಟ್ಟಿಗೆ ಕಟ್ಟುವ ಸದ್ದು ಮಾತ್ರ ನಿಲ್ಲುತ್ತಿರಲಿಲ್ಲ.

ಒಂದನೇ ತಾರೀಕಿಗೆ ಎರಡು ದಿನವಿತ್ತು. ಮಂಗಳಗೌರಮ್ಮ ಮಗನಿಗೆ ಊಟದ ಡಬ್ಬಿ ಕೊಟ್ಟು ಅಂಗಡಿಯಿಂದ ಮಧ್ಯಾಹ್ನ ಬೇಗ ಹಿಂದಿರುಗಿದರು. ಮುಂದಿನ ಬಾಗಿಲಿಗೆ ಹೊರಗಿನಿಂದ ಚಿಲಕ. ಗಂಡ ಓಣಿಯಲ್ಲಿರಬಹುದೆಂದು ಆ ಕಡೆ ತಿರುಗಿದವರು ಗೋಡೆಯ ಮರೆಯಲ್ಲೇ ನಿಂತುಬಿಟ್ಟರು.

ಏಣಿ ಸೂರಿಗೆ ಒರಗಿತ್ತು. ಮೂರನೇ ಮೆಟ್ಟಿಲ ಮೇಲೆ ಚನ್ನಬಸವಣ್ಣನವರು ಏಣಿಯನ್ನು ಎರಡೂ ತೋಳಲ್ಲಿ ತಬ್ಬಿ ಕಣ್ಣು ಮುಚ್ಚಿಕೊಂಡಿದ್ದರು. ಕಾಲುಗಳು ಗಡಗಡ ನಡುಗುತ್ತಿದ್ದವು. ಕೆಳಗೆ ಮರಮ್ಮ ಅವರ ಎಡಗಾಲ ಹರಡು ಹಿಡಿದಿದ್ದರು.

"ಎಡಗಾಲು ಬುಡಿ ಯಜಮಾನ್ರೇ. ಕೆಳೀಕ್ ನೋಡ್ಬ್ಯಾಡಿ, ಗೋಡೆ ನೋಡಿ. ಊಂ, ಇಲ್ಲೇ ಐತೆ ಮೆಟ್ಲು, ನಾನ್ ಇಡ್ಕಂಡಿವ್ನಿ."

"ಬಿಡ್ಬೇಡಿ ಮರಮ್ಮಾ."

"ಬುಡಾಕಿಲ್ಲ. ಅತ್ತಬ್ಯಾಡಿ ಅಂತ ಎಷ್ಟ್ ಸಲ ಯೋಳ್ಲಿ? ನಂಗೇನು, ಮಂಚ ಆಚೆಗೆಳ್ಕಂಡಿವ್ನಿ."

"ನಾಡಿದ್ದು ಹೊಂಟೋಯ್ತೀರಲ್ಲ, ಅಷ್ಟ್ರಲ್ಲಿ ಹಾಕ್ಬುಡಾನ ಅಂತ..."

ಅವರ ದನಿ ಹಾಗೆ ಒಡೆದದ್ದನ್ನು ಮಂಗಳಗೌರಮ್ಮ ಹಿಂದೆಂದೂ ಕೇಳಿರಲಿಲ್ಲ. ಮುಂದೆ ಹೋಗಲಿಲ್ಲ. ಸದ್ದಿಲ್ಲದೆ ಬೀದಿಗೆ ಬಂದು, ಮೂಲೆಯ ಅಂಗಡಿಯಲ್ಲಿ ಬೇಡದಿದ್ದ ಕರ್ಪೂರ ಕೊಂಡು, ಅರ್ಧ ಗಂಟೆ ಬಿಟ್ಟು ಮನೆಗೆ ಬಂದರು. ಗಂಡ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು.

ಮಾರನೆಯ ದಿನ ಸೊಪ್ಪು ಬಿಡಿಸುವಾಗ ಅವರು ಮರಮ್ಮನನ್ನು ಹಿಡಿದು ಕೇಳಿದರು. "ನಿನ್ನೆ ಏಣಿ ಹತ್ರ ನಿಮ್ಮಿಬ್ರನ್ನೂ ನೋಡ್ದೆ. ಯಾವಾಗಿಂದ?"

ಮರಮ್ಮ ಕೈಯಲ್ಲಿದ್ದ ದಂಟಿನ ನಾರು ಪೂರ್ತಿ ಎಳೆದು ಮೊರದ ಅಂಚಿಗಿಟ್ಟರು. "ಉಗಾದಿ ಆದ್ಮ್ಯಾಲಿಂದ. ಟ್ಯಾಂಕ್ ನೋಡಾನ ಅಂತ ಅತ್ತಿ ತಲೆ ತಿರುಗ್ಬುಡ್ತು. ನಾನೇ ಇಳಿಸ್ದೆ. ಯಾರ್ಗೂ ಯೋಳ್ಬ್ಯಾಡಿ ಅಂತ ಆಣೆ ಆಕಿಸ್ಕಂಡ್ರು. ಇದು ನಾಕನೇ ಸಲ."

"ಅದಕ್ಕೇನಾ ನಮ್ದೇ ಅಂದಿದ್ದು?"

"ಮತ್ತೇನ್ ಮಾಡ್ಲಿ ಗೌರಮ್ಮಾರೇ? ಇಲ್ಲಾಂದ್ರೆ ಅವ್ರು ಅತ್ತಬೇಕಿತ್ತು. ಮಂಚ ನೆಂದ್ರೆ ಒಣಗ್ತದೆ."

ಮಂಗಳಗೌರಮ್ಮನಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಸೊಸೆಯ ಬೈಗುಳ ತಿಂದುಕೊಂಡು ಪರರ ಗಂಡನ ಮಾನ ಕಾಯ್ದಳಲ್ಲ ಎಂದು ಆ ಮುದುಕಿಯ ಕಾಲಿಗೆ ಬೀಳಬೇಕೆನ್ನಿಸಿತು. ಜೊತೆಗೇ ಕಿಚ್ಚೂ ಹತ್ತಿತು. ನಲವತ್ತು ವರ್ಷ ಕೆಳಗೆ ನಿಂತು ಹೆಂಚು ಕೊಟ್ಟವಳಿಗೆ ಹೇಳಬಾರದಿತ್ತೇ? ಆ ಮನುಷ್ಯನನ್ನು ಜಿಪುಣ ಎಂದುಕೊಂಡು ಆರು ದಿನ ಉಪ್ಪಿನಕಾಯಿ ಬಚ್ಚಿಟ್ಟೆನಲ್ಲ! ಎದ್ದುಹೋಗಿ ಜಾಡಿಯನ್ನು ಕೆಳಗಿಳಿಸಿ ಅವರ ತಟ್ಟೆಯ ಪಕ್ಕದಲ್ಲಿಟ್ಟರು. ಚನ್ನಬಸವಣ್ಣನವರು ಅನುಮಾನದಿಂದ ನೋಡಿ ಎರಡು ಮಿಡಿ ಹಾಕಿಕೊಂಡರು.

ಸಂಘಮಿತ್ರಳಿಗೆ ಹೇಳಿಬಿಡಬಹುದಿತ್ತು. ಹೇಳಿದರೆ ಅವಳು ನಿಲ್ಲುತ್ತಾಳೆ, ಆದರೆ ಗಂಡ ಅವಳ ಮುಂದೆ ತಲೆಯೆತ್ತಿ ನಡೆಯುವುದಿಲ್ಲ. ಹೇಳದಿದ್ದರೆ ಅವಳು ಹೋಗುತ್ತಾಳೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮಂಗಳಗೌರಮ್ಮ ರಾತ್ರಿಯ ಅಡುಗೆಗೆ ಎರಡು ಸಲ ಉಪ್ಪು ಹಾಕಿದರು.

ಒಂದನೇ ತಾರೀಕು ಬೆಳಿಗ್ಗೆ ಮಳೆ ಹೊಳವಾಗಿತ್ತು. ಒಂಬತ್ತಕ್ಕೆ ಲಗೇಜು ಆಟೋ ಬಂದು ನಿಂತಿತು. ರಜೆ ಹಾಕಿ ಬಂದಿದ್ದ ಮಾದೇಶ ಗ್ಯಾಸ್ ಸಿಲಿಂಡರು ಹೊತ್ತು ತಂದ. ಸಂಘಮಿತ್ರ ಬೀಗದ ಕೈ ಹಿಡಿದುಕೊಂಡು ಓಣಿಯಲ್ಲಿ ನಿಂತಿದ್ದಳು. ಚನ್ನಬಸವಣ್ಣನವರು ಬಾಗಿಲಿಗೆ ಬಂದು ಕೈ ಕಟ್ಟಿ ನಿಂತರು, ಮುಖ ನೋಡುವ ಹಾಗಿರಲಿಲ್ಲ.

ಆಗ ಮಂಗಳಗೌರಮ್ಮ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಸೆರಗು ಬಿಗಿದು ಹೊರಗೆ ಬಂದರು. ಏಣಿಯನ್ನು ಇಳಿಸಿ ಸೂರಿಗೆ ಒರಗಿಸಿದರು. ಓಣಿಯ ಮೂಲೆಯಲ್ಲಿ ಪೇರಿಸಿದ್ದ ಹೆಂಚುಗಳಲ್ಲಿ ಮೂರನ್ನು ಆರಿಸಿ ಗೋಣಿಚೀಲಕ್ಕೆ ಹಾಕಿ ಹೆಗಲಿಗೆ ಇಳಿಬಿಟ್ಟುಕೊಂಡರು.

"ಏಯ್, ಏನ್ ಮಾಡ್ತಿದ್ದೀಯೇ?"

"ಏಣಿ ಹಾಕೋದು ಮನೆಯವ್ರದ್ದು ಅಂತ ತಾನೆ ಕಾನೂನು? ನಾನೂ ಈ ಮನೆಯವ್ಳೇ. ಹಿಡ್ಕೊಳ್ಳಿ."

ಯಾರಾದರೂ ತಡೆಯುವ ಮೊದಲೇ ಅವರು ನಾಲ್ಕು ಮೆಟ್ಟಿಲು ಹತ್ತಿಯಾಗಿತ್ತು. ಚನ್ನಬಸವಣ್ಣನವರು ಓಡಿಬಂದು ಏಣಿಯ ಬುಡ ಹಿಡಿದರು. "ಅತ್ತೆ!" ಎಂದು ಮಧುಶ್ರೀ ಕೂಗಿದಳು. "ಅಮ್ಮ, ಇಳೀರಿ, ನಾನ್ ಹತ್ತೀನಿ," ಎಂದು ಮಾದೇಶ ಸಿಲಿಂಡರು ಕೆಳಗಿಟ್ಟ.

"ನೀನ್ ಮಾಡಿದ್ ರಿಪೇರೀನೇ ಮಾಡ್ತಾ ಇರೋದು ನಾನು, ಅಲ್ಲೇ ನಿಂತಿರಪ್ಪ!"

ಅಂಚಿನ ಹೆಂಚು ಮೇಲೆತ್ತಿ, ಒಡೆದದ್ದನ್ನು ಜಗ್ಗಿ, ಹೊಸದನ್ನು ಕಿವಿಗೆ ಕಿವಿ ಕೂರಿಸಿ ಒತ್ತಬೇಕು. ನಲವತ್ತು ವರ್ಷ ನೋಡಿದ ಕೆಲಸ. ಮೊದಲನೆಯದು ಕೂತಿತು, ಎರಡನೆಯದೂ ಕೂತಿತು. ಮೂರನೆಯದನ್ನು ಚೀಲದಿಂದ ತೆಗೆಯಲು ಬಗ್ಗಿದಾಗ ಮಂಗಳಗೌರಮ್ಮನಿಗೆ ನೆಲ ಕಂಡಿತು. ಇಷ್ಟು ದೂರವಿರುತ್ತದೆಂದು ಕೆಳಗೆ ನಿಂತವರಿಗೆ ಗೊತ್ತಾಗುವುದಿಲ್ಲ. ಅವರ ಕೈ ಅಲ್ಲೇ ನಿಂತಿತು.

ಕೆಳಗಿನಿಂದ ಗಂಡನ ದನಿ ಇಡೀ ಬೀದಿಗೆ ಕೇಳುವಂತೆ ಬಂತು.

"ಇಳಿಯೇ ಗೌರಿ! ನಂಗೆ ಹತ್ತಕ್ಕಾಗಲ್ಲ ಕಣೇ! ಮೂರು ಮೆಟ್ಲು ಹತ್ತಿದ್ರೆ ನೆಲ ತಿರುಗ್ತದೆ, ಜೀವ ಹೋದಂಗಾಯ್ತದೆ. ಅದಕ್ಕೇ ಅವ್ರದ್ದು ಅಂತ ಸುಳ್ಳು ಹೇಳ್ದೆ. ಆಯ್ತಾ? ಎಲ್ರೂ ಕೇಳುಸ್ಕೊಂಡ್ರಾ? ನೀನ್ ಬಿದ್ರೆ ನಾನೇನ್ ಮಾಡ್ಲೇ, ಇಳಿ!"

ಬೀದಿಯಲ್ಲಿ ಆಟೋದ ಎಂಜಿನ್ನೊಂದೇ ಸದ್ದು ಮಾಡುತ್ತಿತ್ತು. ಮಂಗಳಗೌರಮ್ಮನಿಗೆ ಕಣ್ಣು ಮಂಜಾಯಿತು, ನಿಂತಿದ್ದ ಕೈ ಮಾತ್ರ ಮತ್ತೆ ಚೀಲಕ್ಕೆ ಹೋಯಿತು.

"ಗೊತ್ತು," ಎಂದರು ಮೇಲಿನಿಂದ. "ಅಳ್ಳಾಡಿಸ್ಬೇಡಿ, ಇನ್ನೊಂದು ಹೆಂಚಿದೆ."

ಅವರು ಇಳಿದು ಬಂದಾಗ ಸಂಘಮಿತ್ರ ಚನ್ನಬಸವಣ್ಣನವರ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಅದು ಆಸ್ಪತ್ರೆಯ ವಾರ್ಡಿನಲ್ಲಿ ನಿಲ್ಲುವ ಭಂಗಿ.

"ಇಷ್ಟು ಹೇಳೋಕೆ ಮೂರು ವಾರ ಬೇಕಾ ಅಪ್ಪಾರೆ? ತಲೆ ತಿರುಗೋದು ಖಾಯಿಲೆ, ಅವಮಾನ ಅಲ್ಲ. ಕಿವಿದೂ ಇರ್ಬೋದು, ಬಿಪಿದೂ ಇರ್ಬೋದು. ನಾಳೆ ಬೆ‍ಳಿಗ್ಗೆ ಎಂಟಕ್ಕೆ ಆಸ್ಪತ್ರೆಗೆ ಬರ್ತೀರಿ, ಚೀಟಿ ನಾನೇ ಮಾಡ್ಸಿರ್ತೀನಿ." ಆಮೇಲೆ ಅತ್ತೆಯ ಕಡೆ ತಿರುಗಿದಳು. "ನಿಮಗೂ ಗೊತ್ತಿತ್ತಲ್ವಾ?"

"ಆಣೆ ಆಕಿಸ್ಕಂಡಿದ್ರು ಕಣವ್ವ," ಎಂದರು ಮರಮ್ಮ ಸಣ್ಣ ದನಿಯಲ್ಲಿ.

ಸಂಘಮಿತ್ರ ಅವರನ್ನು ಒಂದು ಗಳಿಗೆ ನೋಡಿದಳು. ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, "ರೀ, ಸಿಲಿಂಡರ್ ಒಳಗಿಡಿ," ಎಂದಳು ಗಂಡನಿಗೆ.

ಆಟೋದವನು ಗೊಣಗಿದ್ದಕ್ಕೆ ಮಂಗಳಗೌರಮ್ಮ ಒಂದು ತಟ್ಟೆ ಉಪ್ಪಿಟ್ಟು ಕೊಟ್ಟು ಸಮಾಧಾನ ಮಾಡಿ ಕಳಿಸಿದರು. ನಾಲ್ಕಕ್ಕೆ ಕಾಫಿಗೆ ಎಲ್ಲರೂ ಓಣಿಯಲ್ಲೇ ಕೂತರು. ನಂಜುಂಡೇಶ ಬಾಂಡ್ ಪೇಪರಿನ ಮಾತು ಮತ್ತೆ ತೆಗೆದಾಗ, "ನೀವು ಬರ್ಸಿ, ಓದೋರ್ಯಾರು?" ಎಂದು ಮಧುಶ್ರೀ ಬಾಯಿ ಮುಚ್ಚಿಸಿದಳು. ಚನ್ನಬಸವಣ್ಣನವರು ಲೋಟ ಹಿಡಿದುಕೊಂಡು ಹೆಂಡತಿಯನ್ನು ಓರೆಗಣ್ಣಲ್ಲಿ ನೋಡುತ್ತ ಕೂತಿದ್ದರು.

ಒಳಗೆ ಮಂಚವನ್ನು ಮೊದಲಿನ ಜಾಗಕ್ಕೆ ಎಳೆಸಿಕೊಂಡು ಮಲಗಿ ನೋಡಲು ಹೋಗಿದ್ದ ಮರಮ್ಮ ಸ್ವಲ್ಪ ಹೊತ್ತಿಗೆ ಎದ್ದು ಬಂದರು. ಮುಖ ಚಿಕ್ಕದಾಗಿತ್ತು.

"ಏನತ್ತೆ, ಇನ್ನೂ ಸೋರ್ತಾ ಇದ್ಯಾ?"

"ಇಲ್ಲವ್ವ, ಒಣಗೈತೆ. ಕತ್ಲು ಕಣವ್ವ. ಮೂರು ವಾರ ಆ ತೂತಲ್ಲಿ ಬೆಳ್ಕು ಬತ್ತಿತ್ತು. ಅಕ್ಕಿ ಕಲ್ಲು ಆರಿಸ್ಕಂಡು ಕೂತ್ರೆ ಪಸಂದಾಗಿರ್ತಿತ್ತು." ಅವರು ಅಳುಕುತ್ತ ಚನ್ನಬಸವಣ್ಣನವರ ಕಡೆ ನೋಡಿದರು. "ಯಜಮಾನ್ರೇ, ಒಂದು ಗಾಜಿನೆಂಚು ಸಿಕ್ಕಾಕಿಲ್ವಾ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಚನ್ನಬಸವಣ್ಣನವರು ಲೋಟ ಕೆಳಗಿಟ್ಟು, ಮೂರು ವಾರದಲ್ಲಿ ಮೊದಲ ಸಲ ಕನ್ನಡಕ ಏರಿಸಿದರು.

"ಕೈ ಎತ್ತಿ ಮರಮ್ಮಾ."

ಮರಮ್ಮ ಒಳಗೆ ಹೋಗಿ ಮಂಚದ ಪಕ್ಕ ನಿಂತು, ತುದಿಗಾಲಾಗಿ ಕೈ ಎತ್ತಿದರು. ಬೆರಳಿಗೂ ಹೆಂಚಿಗೂ ನಡುವೆ ಒಂದು ಮೊಳಕ್ಕೂ ಮೀರಿದ ಜಾಗವಿತ್ತು.

"ಎಟುಕ್ಲಿಲ್ಲ. ಮನೆಯವ್ರದ್ದು," ಎಂದು ತೀರ್ಪಾಯಿತು.

ಅಟ್ಟದಲ್ಲಿ ಹಳೆಯದೊಂದು ಗಾಜಿನ ಹೆಂಚು ಇತ್ತು. ಮಧುಶ್ರೀ ಸ್ಟೂಲು ಹತ್ತಿ ತೆಗೆದು ಒರೆಸಿ ತಂದಳು. ಅಷ್ಟರಲ್ಲಿ ಚನ್ನಬಸವಣ್ಣನವರು ಏಣಿಯನ್ನು ಸೂರಿಗೆ ಒರಗಿಸಿ, ಸೆಣಬಿನ ಹುರಿಯಿಂದ ಕಂಬಕ್ಕೆ ಬಿಗಿದು, ಎರಡೂ ಕೈಯಲ್ಲಿ ಬುಡ ಹಿಡಿದು, ಕಾಲು ಅಗಲಿಸಿ ನಿಂತಿದ್ದರು.

"ಬನ್ರಪ್ಪ, ಹತ್ತೋರು ಯಾರಾದ್ರೂ ಹತ್ತಿ," ಎಂದರು. "ನಾನ್ ಹಿಡ್ಕೊಂಡಿರ್ತೀನಿ."